ಹೊರಗೆ ನಿಂತ ಗಂಡ

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದ ಮುಂದೆ ಒಂದು ಮರ, ಮರದ ಕೆಳಗೆ ನಾಲ್ಕಾರು ಗಂಡಂದಿರು. ನಮ್ಮ ನಾಡಿನ ಯಾವ ಊರಿನಲ್ಲಾದರೂ ಕಾಣುವ ನೋಟವಿದು. ಒಳಗೆ ಹೆಂಡತಿ ತಾಯಿ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿರುತ್ತಾಳೆ. ತೂಕ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ರಕ್ತ ತೆಗೆದು ಎಚ್.ಐ.ವಿ. ಪರೀಕ್ಷೆಯನ್ನೂ ಮಾಡುತ್ತಾರೆ. ಹೊರಗಿರುವವನನ್ನು ಯಾರೂ ಮುಟ್ಟುವುದಿಲ್ಲ. ಅವನು ಎಳನೀರು ತರುತ್ತಾನೆ, ಬೈಕಿಗೆ ಒರಗಿ ಮೊಬೈಲು ನೋಡುತ್ತಾನೆ. ಹೆಂಡತಿಯ ಚೀಟಿಯಲ್ಲಿ ಸೋಂಕಿಲ್ಲವೆಂದು ಬಂದರೆ, ತನಗೂ ಇಲ್ಲವೆಂದು ಲೆಕ್ಕ ಹಾಕಿಕೊಂಡು ಮನೆಗೆ ಹೋಗುತ್ತಾನೆ.

ಈ ಲೆಕ್ಕ ತಪ್ಪು. ಗಂಡನಿಗೆ ಸೋಂಕಿದ್ದು ಹೆಂಡತಿಗೆ ಇನ್ನೂ ತಗಲದೆ ಇರುವುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಅಂಥ ಮನೆಯಲ್ಲಿ ಅವಳ ಚೀಟಿಯಿಂದ ಅವನಿಗೆ ನೆಮ್ಮದಿ. ಅಪಾಯ ಮಾತ್ರ ಅವಳ ಪಾಲಿಗೆ ಉಳಿಯುತ್ತದೆ. ಹೆಂಡತಿ ವ್ರತ ಮಾಡಿದರೆ ಪುಣ್ಯದಲ್ಲಿ ಗಂಡನಿಗೂ ಪಾಲಿದೆಯೆಂದು ಹಿರಿಯರು ಹೇಳುತ್ತಿದ್ದರು. ರಕ್ತಪರೀಕ್ಷೆಗೆ ಆ ಶಾಸ್ತ್ರ ಅನ್ವಯಿಸುವುದಿಲ್ಲ.

ಹಾಗಾದರೆ ಇವನನ್ನು ಒಳಕ್ಕೆ ಕರೆಯುವವರು ಯಾರು? ಪತ್ರಿಕೆ, ರೇಡಿಯೊ, ದೂರದರ್ಶನ, ಊರಿನ ಗೋಡೆಗಳು ಕರೆಯುತ್ತಲೇ ಬಂದಿವೆ. ಆದರೆ ಕರೆಯುವ ಬಗೆ ಒಂದಿದೆಯಲ್ಲ! ಡಿಸೆಂಬರ್ 1ರ ಏಡ್ಸ್ ದಿನಕ್ಕೆ ನಮ್ಮ ಕಾಲೇಜಿನ ಹುಡುಗರು ಬರೆಯುವ ಭಿತ್ತಿಚಿತ್ರಗಳಿಗೆ ಅಂಕ ಕೊಡುವ ಕೆಲಸ ಕನ್ನಡ ಮೇಷ್ಟರ ಪಾಲಿಗೆ ಬರುತ್ತದೆ. (ಪ್ರಾಸ ಕೂಡಿದೆಯೇ ನೋಡಲಿ ಎಂದಿರಬೇಕು.) ವರ್ಷ ವರ್ಷವೂ ಅದೇ ತಲೆಬುರುಡೆ, ಅದೇ ಹೆಡೆ ಎತ್ತಿದ ಹಾವು. ಈ ಹುಡುಗರು ಹುಟ್ಟಿದ್ದೇ 2004ರ ಈಚೆಗೆ, ಅಂದರೆ ನಮ್ಮ ದೇಶದಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಆರಂಭವಾದ ಮೇಲೆ. ಬೇಗ ತಿಳಿದುಕೊಂಡು ದಿನವೂ ತಪ್ಪದೆ ಮಾತ್ರೆ ನುಂಗುವವನು ಮೊಮ್ಮಕ್ಕಳನ್ನು ಎತ್ತಿ ಆಡಿಸಬಹುದು. ವೈರಾಣು ರಕ್ತದಲ್ಲಿ ಅಳತೆಗೆ ಸಿಗದಷ್ಟು ಅಡಗಿ, ಹಾಗೆಯೇ ಉಳಿದರೆ, ದಾಂಪತ್ಯದ ಸಂಗದಿಂದ ಹೆಂಡತಿಗೆ ದಾಟುವುದೂ ಇಲ್ಲ. ಚಿತ್ರದಲ್ಲಿ ಇದೊಂದೂ ಇರುವುದಿಲ್ಲ. ಬಾಗಿಲಿಗೆ ಬುರುಡೆ ಕಟ್ಟಿ 'ಒಳಗೆ ಬಾರಯ್ಯ' ಎಂದರೆ ಯಾವ ಗಂಡಸು ಬಂದಾನು?

2003ರಲ್ಲಿ ತಮಿಳುನಾಡಿನವರು ಬೇರೊಂದು ಉಪಾಯ ಹೂಡಿದರು. ದಾರಿಬದಿಯ ಫಲಕಗಳ ಮೇಲೆ ಒಂದೇ ಪ್ರಶ್ನೆ: ಪುಳ್ಳಿರಾಜನಿಗೆ ಏಡ್ಸ್ ಬಂದೀತೆ? ಈ ಪುಳ್ಳಿರಾಜ ಯಾರೆಂದು ಫಲಕ ಹೇಳಲಿಲ್ಲ. ಮುಂಬಯಿಯಲ್ಲಿ ಅದಕ್ಕೆ ಸ್ವಲ್ಪ ಮೊದಲು ಬಲ್ಬೀರ್ ಪಾಶಾ ಎಂಬ ಇನ್ನೊಬ್ಬ ಕಲ್ಪನೆಯ ಗಂಡಸು ಹೀಗೆಯೇ ಗೋಡೆ ಹತ್ತಿದ್ದ. ಜನ ಕುತೂಹಲಪಟ್ಟರು, ನಕ್ಕರು. ಆಡಲು ಹಿಂಜರಿಯುತ್ತಿದ್ದ ಮಾತು ಬಾಯಿಗೆ ಬಂತು. ಇದು ಸಣ್ಣ ಕೆಲಸವಲ್ಲ. ಆದರೂ ನಗುವುದು ಬೇರೆ, ಸೂಜಿಗೆ ತೋಳು ಚಾಚುವುದು ಬೇರೆ.

ತೋಳು ಚಾಚಿಸಿದವರು ನಿಜವಾದ ಮನುಷ್ಯರು. 1991ರ ನವೆಂಬರ್ 7ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ಕ್ಯಾಮೆರಾಗಳ ಮುಂದೆ ನಿಂತು, ತನಗೆ ಸೋಂಕು ತಗಲಿದೆ ಎಂದು ಹೇಳಿದರು. ಅವರೂ ತಾವಾಗಿ ಪರೀಕ್ಷೆಗೆ ಹೋದವರಲ್ಲ; ಜೀವವಿಮೆಗಾಗಿ ರಕ್ತ ಕೊಟ್ಟಾಗ ಹೊರಬಿದ್ದದ್ದು. ಅವರ ಪತ್ನಿ ಆಗ ಬಸುರಿ, ಆಕೆಗೆ ಸೋಂಕಿರಲಿಲ್ಲ. ಮರದ ಕೆಳಗಿನ ನಮ್ಮ ಗಂಡನ ಲೆಕ್ಕವನ್ನೇ ಹಿಡಿದಿದ್ದರೆ ಜಾನ್ಸನ್ನರಿಗೆ ಏನೂ ಇಲ್ಲವೆಂದೇ ಆಗುತ್ತಿತ್ತು! ಆ ಮಾತು ಕೇಳಿದ ಮೇಲೆ ಅಲ್ಲಿ ಪರೀಕ್ಷೆಗೆ ಬರುವವರು ಹೆಚ್ಚಿದರು. ಮೂವತ್ತು ವರ್ಷ ದಾಟಿದ ಮೇಲೂ ಜಾನ್ಸನ್ ಗಟ್ಟಿಯಾಗಿದ್ದಾರೆ.

ನನಗೆ ಇನ್ನೂ ಹಿಡಿಸಿದ್ದು 2006ರ ಆಗಸ್ಟಿನಲ್ಲಿ ಕೆನ್ಯಾದ ಕಿಸುಮು ಪಟ್ಟಣದಲ್ಲಿ ನಡೆದದ್ದು. ಆಗ ಸೆನೆಟರ್ ಆಗಿದ್ದ ಬರಾಕ್ ಒಬಾಮ ಪತ್ನಿ ಮಿಶೆಲ್ ಅವರೊಡನೆ ಜನರ ಕಣ್ಣೆದುರೇ ಪರೀಕ್ಷೆ ಮಾಡಿಸಿಕೊಂಡರು. ಒಬ್ಬರ ಚೀಟಿ ಇಬ್ಬರಿಗಾಗಲಿಲ್ಲ. ನಮ್ಮ ತಾರೆಯರು ತಲೆಗೂದಲಿನ ಎಣ್ಣೆಗೂ ಸಿಮೆಂಟಿಗೂ ಜಾಹೀರಾತು ಕೊಡುತ್ತಾರೆ. ಅವರಲ್ಲೊಬ್ಬರು ಹೆಂಡತಿಯೊಡನೆ ಹೋಗಿ ಆ ಬೆಂಚಿನ ಮೇಲೆ ಕುಳಿತರೆ ಹತ್ತು ಭಾಷಣ ಉಳಿದೀತು.

ಗಂಡಸಿನ ಭಯವಾದರೂ ಏನು? ರೋಗಕ್ಕಿಂತ ಹೆಚ್ಚಾಗಿ, ಯಾರಾದರೂ ಕಂಡಾರೆಂಬುದು. 2017ರ ಕಾಯಿದೆ ಇದಕ್ಕೆಂದೇ ಇದೆ: ಒಪ್ಪಿಗೆ ಕೊಡದೆ ಪರೀಕ್ಷೆಯಿಲ್ಲ, ಫಲಿತಾಂಶ ಗುಟ್ಟಾಗಿರಬೇಕು. ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ಮುಂಚೆಯೂ ಆಮೇಲೂ ಕೂರಿಸಿ ಮಾತಾಡುತ್ತಾರೆ. ಹೆಸರು ಹೇಳದೆ ವಿಚಾರಿಸಬೇಕೆನ್ನುವವರಿಗೆ 1097 ಎಂಬ ಉಚಿತ ದೂರವಾಣಿಯಿದೆ. ಕ್ರಿಕೆಟ್ಟಿನ ಸ್ಕೋರು ಹೇಳುವ ನಡುವೆ ರೇಡಿಯೊದವರು ಇಷ್ಟನ್ನು ಸುಮ್ಮನೆ ಓದಿದರೆ ಸಾಕೆನಿಸುತ್ತದೆ. ಹುಡುಗರಿಗಂತೂ ಈ ಸಲ ಮುಂಚೆಯೇ ಹೇಳಿಬಿಟ್ಟಿದ್ದೇನೆ: ಬುರುಡೆ ಬರೆದರೆ ಅಂಕವಿಲ್ಲ.