ಬಾಗಿಲಿಗೆ ಕಣ್ಣು

ಯಾವ ವಸ್ತುವನ್ನು ಯಾವಾಗ ತೆಗೆದುಹಾಕಬೇಕು ಎಂಬುದು ನಮ್ಮಂಥವರ ಮನೆಗಳಲ್ಲಿ ಏಳುವ ಪ್ರಶ್ನೆಯೇ ಅಲ್ಲ. ಹರಿದ ಸೀರೆ ತೊಟ್ಟಿಲಿಗೆ ಹೋಗುತ್ತದೆ. ತೊಟ್ಟಿಲಿನಿಂದ ನೆಲ ಒರೆಸುವುದಕ್ಕೆ ಬರುತ್ತದೆ. ತೂತು ಬಿದ್ದ ಬಿಂದಿಗೆಯಲ್ಲಿ ತುಳಸಿ ಬೆಳೆಯುತ್ತದೆ. ಆದ್ದರಿಂದ ಒಂದು ಯಂತ್ರವನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ಹೇಳುವ ಹೊಣೆ 2025ರ ಮಳೆಗಾಲದಲ್ಲಿ ನನ್ನ ತಲೆಯ ಮೇಲೆ ಬಂದಾಗ ನಾನು ತಬ್ಬಿಬ್ಬಾದದ್ದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿಯೂ ಆ ಯಂತ್ರ ನಮ್ಮದಲ್ಲ.

ಮೊದಲು ನಮ್ಮ ಸಂಗತಿ ಹೇಳಿಬಿಡುತ್ತೇನೆ. ನಮ್ಮ ತಂದೆ ಬೆಂಗಳೂರಿನ ಒಂದು ದೊಡ್ಡ ಮನೆಯ ವಾಚ್‌ಮನ್. ಪಾವಗಡದ ಕಡೆಯ ನಮ್ಮ ಹಳ್ಳಿಯಲ್ಲಿ ಕಡಲೆಕಾಯಿ ಬೇಸಾಯ ಕೈಹಿಡಿಯದೆ, 2009ರಲ್ಲಿ, ನನಗೆ ನಾಲ್ಕು ವರ್ಷವಿದ್ದಾಗ ಇಲ್ಲಿಗೆ ಬಂದರು. ಆ ಮನೆಯ ಗ್ಯಾರೇಜಿನ ಪಕ್ಕದ ಕೋಣೆಯೇ ನಮ್ಮ ಮನೆ. ಗ್ಯಾರೇಜು ಎಂದರೆ ನಮ್ಮೂರಿನಲ್ಲಿ ಲಾರಿ ರಿಪೇರಿ ಮಾಡುವ ಜಾಗ. ಕಾರು ಮಲಗುವುದಕ್ಕೂ ಒಂದು ಮನೆ ಬೇಕು, ಅದರ ಹೆಸರೂ ಗ್ಯಾರೇಜು ಎಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಯಜಮಾನರು ಬಹುಕಾಲ ಅಮೆರಿಕದಲ್ಲಿದ್ದು ಮರಳಿದವರು. 2005ರಲ್ಲಿ ಮನೆ ಕಟ್ಟಿಸಿದಾಗ ಗ್ಯಾರೇಜಿಗೆ ಅಲ್ಲಿಯ ರೀತಿಯ ಬಾಗಿಲನ್ನೇ ಹಾಕಿಸಿದರು. ನಮ್ಮ ಅಂಗಡಿಗಳ ಷಟರಿನಂತೆ ಸುರುಳಿ ಸುತ್ತುವ ಬಾಗಿಲಲ್ಲ ಅದು. ಉಕ್ಕಿನ ಅಡ್ಡಪಟ್ಟಿಗಳು ಕೀಲುಗಳಲ್ಲಿ ಬಾಗುತ್ತ, ಎರಡು ಕಂಬಿಗಳ ಮೇಲೆ ಹರಿದು, ಸೂರಿನ ಕೆಳಗೆ ಅಂಗಾತ ಮಲಗುತ್ತವೆ. ಸೂರಿಗೆ ತೂಗುಹಾಕಿದ ಪೆಟ್ಟಿಗೆಯೊಳಗೆ ಮೋಟಾರು. ಅದಕ್ಕೆ ಸೇರಿದ ಸರಪಳಿ. ಗುಂಡಿ ಒತ್ತಿದರೆ ಸಾಕು. ಅಮೆರಿಕದ ಸಿ. ಜಿ. ಜಾನ್ಸನ್ ಎಂಬಾತ ಮೇಲಕ್ಕೆ ಸರಿಯುವ ಬಾಗಿಲನ್ನು 1921ರಲ್ಲಿಯೂ, ಅದನ್ನು ವಿದ್ಯುತ್ತಿನಿಂದ ಎತ್ತುವ ಯಂತ್ರವನ್ನು 1926ರಲ್ಲಿಯೂ ಮಾಡಿದನಂತೆ. ಆ ಮನೆಯ ಯಂತ್ರಕ್ಕೂ ನನಗೂ ಒಂದೇ ವಯಸ್ಸು. ಗೋಡೆಯಾಚೆ ಅದು ಗುರ್ರೆಂದರೆ ಅಮ್ಮ ನಿದ್ದೆಗಣ್ಣಿನಲ್ಲೇ ‘ಯಜಮಾನ್ರು ಬಂದ್ರು’ ಎನ್ನುತ್ತಿದ್ದಳು.

ಆ ವರ್ಷದ ಮಳೆಗಾಲಕ್ಕೆ ಮುಂಚಿನಿಂದಲೇ ಬಾಗಿಲು ನರಳತೊಡಗಿತ್ತು, ಅರ್ಧಕ್ಕೆ ನಿಂತುಬಿಡುತ್ತಿತ್ತು. ಒಬ್ಬ ಮಿಸ್ತ್ರಿ ಬಂದು, ‘ಮೋಟಾರು ಹೋಯ್ತು ಸಾರ್, ಪೂರ್ತಿ ಹೊಸದು ಹಾಕಿಸಿ’ ಎಂದ. ಇನ್ನೊಬ್ಬ ಏಣಿ ಹತ್ತಿ, ಪೆಟ್ಟಿಗೆಯ ಹಿಂದಿನ ಒಂದು ಸ್ಕ್ರೂ ತಿರುಗಿಸಿ, ‘ಇನ್ನೂ ಹತ್ತು ವರ್ಷ ಓಡುತ್ತೆ’ ಎಂದ. ಹಾಗೆಯೇ ಓಡಿತು. ಎಲ್ಲರಿಗೂ ಸಂತೋಷ.

ಶ್ರಾವಣದ ಒಂದು ಸಂಜೆ ಮಳೆ ಸುರಿಯುತ್ತಿತ್ತು. ಶಾಲೆಯಿಂದ ಓಡಿಬಂದ ನನ್ನ ತಂಗಿ, ಇಳಿಯುತ್ತಿದ್ದ ಬಾಗಿಲಿನ ಕೆಳಗೆ ನುಗ್ಗಿದಳು. ಅಪ್ಪ ಅವಳ ರಟ್ಟೆ ಹಿಡಿದು ಎಳೆದುಕೊಂಡರು. ಕೈಯಲ್ಲಿದ್ದ ಛತ್ರಿ ಮಾತ್ರ ಹೊಸಿಲಿನ ಮೇಲೆ ಬಿತ್ತು. ಬಾಗಿಲು ಅದರ ಮೇಲೆ ಇಳಿಯಿತು. ಕಡ್ಡಿಗಳು ಒಂದೊಂದಾಗಿ ಲಟಲಟನೆ ಮುರಿದವು. ಬಾಗಿಲು ಹಿಂದಕ್ಕೆ ಹೋಗಲಿಲ್ಲ. ನೆಲಕ್ಕೆ ಒತ್ತಿ ಹಿಡಿದು ನಿಂತಿತು.

ಅದನ್ನು ಕಂಡ ಯಜಮಾನರು ಅಂದು ರಾತ್ರಿಯೇ ನನ್ನನ್ನು ಕರೆದರು. ‘ಇಬ್ಬರು ಮಿಸ್ತ್ರಿಗಳು ಎರಡು ಮಾತು ಹೇಳ್ತಾರೆ. ನೀನು ಬಿ.ಎ. ಓದ್ತಾ ಇದ್ದೀಯಲ್ಲಪ್ಪ, ಈ ಕೈಪಿಡಿ ಓದಿ, ಬಾಗಿಲನ್ನೂ ನೋಡಿ, ಏನು ಮಾಡಬೇಕು ಹೇಳು’ ಎಂದು ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟರು. ಚರಿತ್ರೆ, ಅರ್ಥಶಾಸ್ತ್ರ ಓದುವವನಿಗೆ ಮೋಟಾರಿನ ಗೊಡವೆ ಏನು? ಆದರೆ ನಮ್ಮ ವಂಶದಲ್ಲಿ ‘ನೀನು ಓದಿದವನು, ಹೇಳು’ ಎಂದು ಕೇಳಿಸಿಕೊಂಡವನು ನಾನೇ ಮೊದಲಿಗ. ಒಲ್ಲೆ ಎನ್ನಲಾಗಲಿಲ್ಲ.

ನಿಘಂಟು ಇಟ್ಟುಕೊಂಡು ಎರಡು ರಾತ್ರಿ ಓದಿದೆ. ತಿಳಿದದ್ದು ಇಷ್ಟು: ಬಾಗಿಲಿನ ಭಾರವನ್ನು ಹೊರುವುದು ಮೋಟಾರಲ್ಲ, ಮೇಲಿರುವ ಸ್ಪ್ರಿಂಗು. ಎರಡು ಕಾರು ಅಗಲದ ಬಾಗಿಲು 70 ಕಿಲೋ ತೂಗಿದರೂ, ಸ್ಪ್ರಿಂಗು ಸರಿಯಾಗಿದ್ದರೆ ಹುಡುಗನೊಬ್ಬ ಒಂದು ಕೈಯಿಂದ ಎತ್ತಬಹುದು. ಸಾಧಾರಣವಾಗಿ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಎಂದರೆ ಏಳು ವರ್ಷವೂ ತುಂಬುವುದಿಲ್ಲ. ಈ ಮನೆಯ ಸ್ಪ್ರಿಂಗನ್ನು ಬದಲಾಯಿಸಿದ್ದು ಒಂದೇ ಸಲ, 2014ರಲ್ಲಿ. ಯಂತ್ರಕ್ಕೋ, ಹತ್ತು ಹದಿನೈದು ವರ್ಷ ದುಡಿದರೆ ಬೇಕಾದಷ್ಟಾಯಿತು.

ಭಾನುವಾರ ಅಪ್ಪನೂ ನಾನೂ ಪರೀಕ್ಷೆಗೆ ನಿಂತೆವು. ಬಾಗಿಲು ಮುಚ್ಚಿರುವಾಗಲೇ ಕೆಂಪು ಹಗ್ಗ ಎಳೆದು ಮೋಟಾರಿನ ಸಂಬಂಧ ಬಿಡಿಸಿದೆವು. ತೆರೆದಿರುವಾಗ ಬಿಡಿಸಿದರೆ ಬಾಗಿಲು ತಲೆಯ ಮೇಲೇ ಬಂದೀತು. ಕೈಯಿಂದ ಸೊಂಟದೆತ್ತರಕ್ಕೆ ಎತ್ತಿದರೆ ಅದು ಅಲ್ಲೇ ನಿಲ್ಲಬೇಕು. ನಿಲ್ಲಲಿಲ್ಲ. ಇಬ್ಬರೂ ಹಿಡಿದು ಇಳಿಸುವಷ್ಟರಲ್ಲಿ ಬೆವರು ಬಂತು. ಸ್ಪ್ರಿಂಗು ಸೋತಿತ್ತು. ಆ ಸ್ಪ್ರಿಂಗನ್ನು ಬಿಚ್ಚುವುದು ಮಾತ್ರ ಪಳಗಿದವರ ಕೆಲಸ; ಬಿಗಿದ ಸ್ಪ್ರಿಂಗು ಚಿಮ್ಮಿದರೆ ಕೈ ಮುರಿಯುತ್ತದೆ.

ಆಮೇಲೆ ಹಗ್ಗವನ್ನು ಮತ್ತೆ ಸೇರಿಸಿ, ಒಂದೂವರೆ ಅಂಗುಲ ದಪ್ಪದ ಮರದ ತುಂಡನ್ನು ಹೊಸಿಲ ಮೇಲೆ ಮಲಗಿಸಿ ಗುಂಡಿ ಒತ್ತಿದೆವು. ಮರಕ್ಕೆ ತಾಗಿದೊಡನೆ, ಎರಡು ಸೆಕೆಂಡಿನೊಳಗೆ, ಬಾಗಿಲು ಹಿಂದಕ್ಕೆ ಏಳಬೇಕು. ಏಳಲಿಲ್ಲ. ಮರವನ್ನು ಅದುಮಿಕೊಂಡು ಗುರುಗುಟ್ಟಿತು.

ಆಗ ಎಲ್ಲವೂ ಬಿಡಿಸಿಕೊಂಡಿತು. ಎರಡನೆಯ ಮಿಸ್ತ್ರಿ ತಿರುಗಿಸಿದ ಸ್ಕ್ರೂ ಮೋಟಾರಿನ ಬಲವನ್ನು ಹೆಚ್ಚಿಸುವಂಥದು. ಸ್ಪ್ರಿಂಗು ಸೋತಂತೆಲ್ಲ ಸ್ಕ್ರೂ ತಿರುಗಿಸುತ್ತ ಬಂದಿದ್ದರು. ಯಂತ್ರದ ಬಲ ಬೆಳೆಯಿತು. ಅಡ್ಡ ಬಂದದ್ದನ್ನು ಅರಿಯುವ ಶಕ್ತಿ ಅಷ್ಟೇ ಕುಗ್ಗಿತು. ಅಮೆರಿಕದಲ್ಲಿ ಇಂಥ ಬಾಗಿಲುಗಳಿಗೆ ಸಿಕ್ಕಿ ಮಕ್ಕಳು ಸತ್ತದ್ದರಿಂದಲೇ, 1993ರಿಂದ ತಯಾರಾಗುವ ಯಂತ್ರಗಳು ಸಿಕ್ಕಿಬೀಳುವ ಅಪಾಯ ತಪ್ಪಿಸುವ ಏರ್ಪಾಡು ಹೊಂದಿರಲೇಬೇಕು ಎಂಬ ನಿಯಮ ಬಂತು. ಬಾಗಿಲಿನ ಎರಡು ಬದಿಗೆ, ನೆಲದಿಂದ ಆರು ಅಂಗುಲದೊಳಗೆ, ಬೆಳಕಿನ ಎರಡು ಕಣ್ಣುಗಳು. ನಡುವೆ ಯಾರಾದರೂ ಬಂದರೆ ಬಾಗಿಲು ಹಿಂದಿರುಗುತ್ತದೆ. ನಮ್ಮ ಯಂತ್ರದ ಕೈಪಿಡಿಯಲ್ಲಿ ‘ಕಣ್ಣುಗಳನ್ನು ಪ್ರತ್ಯೇಕವಾಗಿ ಕೊಳ್ಳತಕ್ಕದ್ದು’ ಎಂದಿತ್ತು. ಇಲ್ಲಿ ಯಾರೂ ಕೊಂಡಿರಲಿಲ್ಲ.

ಇಷ್ಟು ತಿಳಿದ ಮೇಲೆ ಹೋಗಿ ಹೇಳುವುದಷ್ಟೇ ಉಳಿದಿತ್ತು. ನಾನು ಹೇಳಲಿಲ್ಲ.

ಕಾರಣವಿಷ್ಟೆ. ಅಮೆರಿಕದಲ್ಲಿರುವ ಯಜಮಾನರ ಮಗ ಫೋನಿನಲ್ಲಿ ಆಡಿದ ಮಾತು ನನ್ನ ಕಿವಿಗೂ ಬಿದ್ದಿತ್ತು: ‘ಹೊಸದು ಹಾಕಿಸಿ ಅಪ್ಪಾ. ಮೊಬೈಲಿನಲ್ಲೇ ತೆಗೆದು ಹಾಕಬಹುದು. ಬಾಗಿಲ ಹತ್ತಿರ ಕಾಯೋಕೆ ಅಂತ ಒಬ್ಬರು ಬೇಕಾಗೋದಿಲ್ಲ.’ ಹೊಸದು ಹಾಕಿಸಿ ಎನ್ನುವುದು ಅಪ್ಪನ ಕೆಲಸಕ್ಕೆ ನಾನೇ ಕಲ್ಲು ಹಾಕಿದಂತೆ ಅಲ್ಲವೆ? ‘ಸ್ಪ್ರಿಂಗು ಬದಲಾಯಿಸಿದರೆ ಸಾಕು’ ಎಂದುಬಿಟ್ಟರೆ? ಪೂರ್ತಿ ಸುಳ್ಳಲ್ಲ; ಖರ್ಚೂ ಕಡಮೆ. ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತ ಸವಕಳಿ, ಉಳಿತಾಯ ಎಲ್ಲವನ್ನೂ ಆ ಅರ್ಧಸತ್ಯದ ಬೆನ್ನಿಗೆ ಕಟ್ಟಿದೆ. ಎರಡು ದಿನ ಯಜಮಾನರ ಕಣ್ಣು ತಪ್ಪಿಸಿ ಓಡಾಡಿದೆ.

ಮೂರನೆಯ ಸಂಜೆ ನಮ್ಮ ಕೋಣೆಯ ಮೆಟ್ಟಿಲ ಮೇಲೆ ಕುಳಿತಿದ್ದೆ. ಕಾರು ಒಳಗೆ ಹೋಯಿತು. ಬಾಗಿಲು ಇಳಿಯತೊಡಗಿತು. ಅಪ್ಪ ಎಂದಿನಂತೆ ಹೊಸಿಲ ಪಕ್ಕದಲ್ಲಿ ನಿಂತು, ಬಲಗೈಯನ್ನು ಅಡ್ಡ ಚಾಚಿ, ಬಾಗಿಲು ನೆಲ ಮುಟ್ಟುವವರೆಗೂ ಆ ಕಡೆ ಈ ಕಡೆ ನೋಡುತ್ತಿದ್ದರು. ಚಿಕ್ಕಂದಿನಿಂದಲೂ ನೋಡಿದ ನೋಟ. ಅದರ ಅರ್ಥ ಅಂದು ಹೊಳೆಯಿತು. ಬೆಕ್ಕು, ನಾಯಿ, ಚೆಂಡಿನ ಹಿಂದೆ ಓಡುವ ಮಕ್ಕಳು, ಎಲ್ಲರನ್ನೂ ಹದಿನಾರು ವರ್ಷ ಕಾದವರು ಅವರು. ಆ ಬಾಗಿಲಿಗೆ ಕೊಳ್ಳದೆ ಬಿಟ್ಟ ಕಣ್ಣು ಅಪ್ಪನೇ ಆಗಿದ್ದರು. ಅವರಿಗೆ ಜ್ವರ ಬಂದ ದಿನ?

ರಾತ್ರಿ ಊಟಕ್ಕೆ ಕುಳಿತಾಗ ಎಲ್ಲವನ್ನೂ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿ, ‘ನಿನ್ನನ್ನ ಓದಿಸಿದ್ದು ಇದಕ್ಕೇನ್ಲಾ? ಆ ಮರದ ತುಂಡು ನಿನ್ನ ತಂಗಿ ಅಂತ ತಿಳ್ಕೊ. ಹೋಗಿ ಇದ್ದದ್ದು ಇದ್ದಂಗೆ ಹೇಳು’ ಎಂದರು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಯಜಮಾನರ ಮುಂದೆ ನಿಂತು ಹೇಳಿದೆ: ‘ಸ್ಪ್ರಿಂಗೂ ಬದಲಾಗಬೇಕು, ಯಂತ್ರವೂ ಬದಲಾಗಬೇಕು ಸಾರ್. ಬರೀ ಯಂತ್ರ ಬದಲಾಯಿಸಿದರೆ ಸೋತ ಸ್ಪ್ರಿಂಗು ಹೊಸದನ್ನೂ ಕೊಲ್ಲುತ್ತೆ. ಬರೀ ಸ್ಪ್ರಿಂಗು ಬದಲಾಯಿಸಿದರೆ ಕಣ್ಣಿಲ್ಲದ ಯಂತ್ರ ಉಳಿಯುತ್ತೆ. ಹಳೆಯದಾಯಿತು, ಸದ್ದು ಮಾಡುತ್ತೆ ಅಂತ ತೆಗೆಯೋದು ಬೇಡ. ನಿಲ್ಲಬೇಕಾದ ಕಡೆ ನಿಲ್ಲೋದಿಲ್ಲವಲ್ಲ, ಅದಕ್ಕೆ ತೆಗೀಬೇಕು.’ ಕರೆಂಟು ಹೋದರೂ ತೆರೆಯಲು ಬ್ಯಾಟರಿಯಿರುವುದನ್ನೇ ಕೊಳ್ಳಿರೆಂದೂ ಸೇರಿಸಿದೆ. 2017ರ ಕಾಳ್ಗಿಚ್ಚಿನಲ್ಲಿ ಕರೆಂಟಿಲ್ಲದೆ ಗ್ಯಾರೇಜಿನ ಬಾಗಿಲು ತೆರೆಯಲಾರದೆ ಜನ ಸಿಕ್ಕಿಕೊಂಡದ್ದರಿಂದ, ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಹೊಸ ಯಂತ್ರಗಳಿಗೆ ಬ್ಯಾಟರಿ ಕಡ್ಡಾಯವಾಯಿತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡು ದಿನ ಯಾಕೆ ಮುಖ ತೋರಿಸಲಿಲ್ಲ?’ ಎಂದರು. ಅದನ್ನೂ ಹೇಳಿದೆ. ‘ನಿಮ್ಮಪ್ಪ ಇಲ್ಲಿರೋದು ಬಾಗಿಲೆಳೆಯೋಕೆ ಮಾತ್ರ ಅಂದ್ಕೊಂಡೆಯಾ?’ ಎಂದು ನಕ್ಕರು. ಅವರ ಮಾತನ್ನು ನಂಬುತ್ತೇನೆ. ಆದರೆ ಆ ಮಾತು ಅವರ ಕಾಲದ್ದು; ಮಗನ ಕಾಲಕ್ಕೆ ಅದು ನಿಂತೀತೋ ಇಲ್ಲವೋ. ಅಷ್ಟರಲ್ಲಿ ನನ್ನ ಪದವಿ ಮುಗಿದು ಕೆಲಸವೊಂದು ಸಿಕ್ಕಬೇಕು. ಈ ವರ್ಷ ನಾನು ಸ್ವಲ್ಪ ಶ್ರದ್ಧೆಯಿಂದ ಓದುತ್ತಿರುವುದನ್ನು ಕಂಡು ಬೆರಗಾದ ಗೆಳೆಯರಿಗೆ ಇದೇ ಉತ್ತರ.

ಹೊಸ ಯಂತ್ರ ದಸರೆಗೆ ಮುಂಚೆ ಬಂತು. ನಾವೇ ಮರದ ತುಂಡಿಟ್ಟು ನೋಡಿದೆವು. ತಾಗಿದೊಡನೆ ಬಾಗಿಲು ಮುಟ್ಟಿದರೆ ಮುನಿಯಂತೆ ಹಿಂದೆಗೆಯಿತು. ಮೊದಲ ಸಂಜೆ ಕಾರು ಒಳಗೆ ಬಂದಾಗ ಅಪ್ಪ ಎಂದಿನಂತೆ ಕೈಚಾಚಿ ನಿಂತಿದ್ದರು.

‘ಕೈ ಇಳಿಸಯ್ಯ, ಈಗ ಅದಕ್ಕೇ ಕಣ್ಣಿದೆ’ ಎಂದರು ಯಜಮಾನರು.

‘ಇರ್ಲಿ ಸಾಮಿ’ ಎಂದರು ಅಪ್ಪ. ‘ಅದೂ ನೋಡ್ಕೊಳ್ಲಿ, ನಾನೂ ನೋಡ್ಕೊತೀನಿ.’