ಕರಿನೀರು

ಪಾಠ ಹೇಳುವವನಿಗೆ ಅರ್ಥಕೋಶವು ದೊಡ್ಡ ಆಸರೆ. ಕಠಿಣ ಪದ ಎದುರಾದೊಡನೆ ಅದರ ಪಕ್ಕದಲ್ಲಿ ಇನ್ನೊಂದು ಪದವನ್ನಿರಿಸಿ ಮುಂದೆ ಸಾಗಬಹುದು. ಕಾರಟಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನೂ ಈ ಸುಖವನ್ನು ಬಹಳ ವರ್ಷ ಉಂಡವನೇ. ಅಂದು ಪಾಠದಲ್ಲಿ ‘ಕರಿನೀರು’ ಎಂಬ ಮಾತು ಬಂದಿತು. “ಸಮುದ್ರದಾಚೆಗೆ ಗಡಿಪಾರು, ಗಲ್ಲಿಗಿಂತ ಕರುಣೆಯುಳ್ಳ ಶಿಕ್ಷೆ” ಎಂದು ಹೇಳಿ ಪುಟ ತಿರುಗಿಸಿದೆನು.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅಲ್ಲಿಂದ ಓಡಿ ಹೋದ್ರ ಏನ್ ಮಾಡ್ತಿದ್ರು ರೀ ಸರ್?” ಎಂದು ಕೇಳಿದನು. ತರಗತಿ ನಕ್ಕಿತು. ನಾನೂ ನಕ್ಕೆನು. ಉತ್ತರ ಮಾತ್ರ ನನ್ನಲ್ಲಿರಲಿಲ್ಲ.

ಆ ನಗೆಯ ನಾಚಿಕೆಯೇ ನನ್ನನ್ನು ಓದಿಗೆ ಹಚ್ಚಿತು. ಆಗ್ರಾ ಸೆರೆಮನೆಯ ಅಧಿಕಾರಿಯಾಗಿದ್ದ ಡಾಕ್ಟರ್ ವಾಕರ್ 1858ರ ಮಾರ್ಚ್ 10ರಂದು 200 ಮಂದಿ ಕೈದಿಗಳೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಬಂದಿಳಿದನು. ಇಂದು ನಾವು ಚಿತ್ರಗಳಲ್ಲಿ ಕಾಣುವ ಸೆಲ್ಯುಲರ್ ಜೈಲು ಅಂದು ಇರಲಿಲ್ಲ. ಅದರ ಕಟ್ಟಡ ಮುಗಿದದ್ದು 1906ರಲ್ಲಿ. ಕಡಲೇ ಗೋಡೆ, ಕಾಡೇ ಕಾವಲು. ಆ ಕಾಡನ್ನು ಕಡಿದು ನೆಲ ಹಸನು ಮಾಡುವ ದುಡಿಮೆಯೂ ಕೈದಿಗಳದೇ. ಕಾಡಿನಾಚೆಗೆ ಬರ್ಮಾ ದೇಶವಿದೆಯೆಂದು ನಂಬಿ ಹಲವರು ಓಡಿದರು. ಕೆಲವರು ಹಸಿವಿಗೆ, ಕೆಲವರು ದ್ವೀಪವಾಸಿಗಳ ಬಾಣಗಳಿಗೆ ಬಲಿಯಾದರು. ಮರಳಿ ಸಿಕ್ಕವರಲ್ಲಿ 86 ಮಂದಿಯನ್ನು ವಾಕರ್ ಗಲ್ಲಿಗೇರಿಸಿದನು. ಇದು ಅತಿಯಾಯಿತೆಂದು ಕಲ್ಕತ್ತೆಯ ಸರಕಾರವೇ ಅವನನ್ನು ತಡೆಯಬೇಕಾಯಿತು.

ಈ ಕಥೆ ನಮ್ಮ ಸೀಮೆಗೂ ದೂರದ್ದಲ್ಲ. ಕೃಷ್ಣೆಯ ಆಚೆಯ ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕನು ಅದೇ 1858ರಲ್ಲಿ ಬ್ರಿಟಿಷರ ಮೇಲೆ ಬಂಡೆದ್ದು ಸೆರೆಯಾದನು. ಅವನಿಗೆ ಮೊದಲು ವಿಧಿಸಿದ್ದು ಮರಣದಂಡನೆ. ಅದನ್ನು ಇಳಿಸಿ ಜೀವಾವಧಿ ಕರಿನೀರು. ಅದನ್ನೂ ಇಳಿಸಿ ನಾಲ್ಕು ವರ್ಷದ ಸೆರೆ. ಕಾಗದದ ಮೇಲೆ ಶಿಕ್ಷೆ ಹಗುರಾಗುತ್ತಲೇ ಬಂದಿತು. ಆದರೆ ಸೆರೆಗೆ ಸಾಗಿಸುವ ದಾರಿಯಲ್ಲಿಯೇ ಆ ತರುಣ ಅರಸನು ಗುಂಡು ತಗಲಿ ಮಡಿದನು.

ಮರುವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆನು. ಈ ಸಲ ಯಾರೂ ನಗಲಿಲ್ಲ. ಕಿಟಕಿಯಾಚೆ, ಕಾಲುವೆ ನೀರು ಕುಡಿದ ಬತ್ತದ ಗದ್ದೆಗಳು ಹಸುರಾಗಿ ತೂಗುತ್ತಿದ್ದವು. “ಊರು ಬಿಟ್ಟು ಹೋಗೂದ ಒಂದು ಸಾವಲ್ಲೇನ್ರೀ ಸರ್?” ಎಂದನು ಅದೇ ಹುಡುಗ.

ಮನೆಗೆ ಬಂದು ನನ್ನ ಟಿಪ್ಪಣಿಯಲ್ಲಿ ‘ಕರುಣೆಯುಳ್ಳ’ ಎಂಬ ಮಾತನ್ನು ಹೊಡೆದುಹಾಕಿದೆನು. ಅದರ ಜಾಗದಲ್ಲಿ ಬೇರೊಂದು ಪದವನ್ನು ಇನ್ನೂ ಬರೆದಿಲ್ಲ.