ಅಪ್ಪನ ತಲೆಬಣ್ಣ

ಅಪ್ಪ ತಲೆಗೆ ಡೈ ಹಚ್ಚೋಕೆ ಶುರು ಮಾಡಿದ್ದು ನನ್ನಿಂದ. ಬಿಇ ಮೊದಲ ವರ್ಷ ಹಾಸ್ಟೆಲ್ಲಿಗೆ ಬಿಡಲು ಬಂದಿದ್ದ. ಟ್ರಂಕು ಹೊತ್ತು ಮೆಟ್ಟಿಲು ಹತ್ತುತ್ತಿದ್ದವನನ್ನು ನೋಡಿ ರೂಮ್‌ಮೇಟ್ "ನಿಮ್ ತಾತನಾ?" ಅಂದ. ಇಬ್ಬರು ಅಕ್ಕಂದಿರಾದ ಮೇಲೆ ತಡವಾಗಿ ಹುಟ್ಟಿದವನು ನಾನು. ಅಪ್ಪನ ತಲೆ ಆಗಲೇ ಬೆಳ್ಳಗಾಗಿತ್ತು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನೆ ನಕ್ಕೆ. ಅಪ್ಪನಿಗೆ ಕೇಳಿಸಿಲ್ಲ ಅಂದುಕೊಂಡೆ. ಮುಂದಿನ ತಿಂಗಳು ಫೀಸು ಕಟ್ಟಲು ಬಂದಾಗ ತಲೆ ಕಾಗೆಯಷ್ಟು ಕಪ್ಪಗಿತ್ತು, ಕಿವಿ ಹಿಂದೆಯೂ ಒಂದಿಷ್ಟು ಮೆತ್ತಿತ್ತು.

ಅಲ್ಲಿಂದ ಹದಿನೈದು ವರ್ಷ ಊರಂಗಡಿಯ ಡೈ ಪುಡಿ, ಒಂದು ಹಳೇ ಬಟ್ಟಲು, ಹಲ್ಲುಜ್ಜಿ ಸವೆದ ಬ್ರಷ್ಷು.

ಹೋದ ವರ್ಷ ಅಕ್ಕನ ಮಗಳ ಮದುವೆ. "ಆ ಪುಡೀಲಿ ಬರೀ ಕೆಮಿಕಲ್ ಕಣಪ್ಪ" ಅಂತ ಬುದ್ಧಿ ಹೇಳಿ ಬೆಂಗಳೂರಿಂದ ದುಬಾರಿ ಪ್ಯಾಕೆಟ್ ಒಯ್ದೆ. ಮೇಲೆ ಗೋರಂಟಿ ಎಲೆಯ ಚಿತ್ರ, 'ಅಮೋನಿಯಾ ಇಲ್ಲ' ಎಂಬ ದೊಡ್ಡ ಅಕ್ಷರ. ಶುಕ್ರವಾರ ನಾನೇ ಕೂರಿಸಿ ಹಚ್ಚಿದೆ. ಶನಿವಾರ ಕೆರೆತ. ಭಾನುವಾರ ಬೆಳಿಗ್ಗೆ ಕಣ್ಣು ಬಿಡಲಾಗದಷ್ಟು ಮುಖ ಊದಿ, ಹಣೆಯಂಚಿನಲ್ಲಿ ನೀರು ಒಸರುತ್ತಿತ್ತು. ಧಾರೆಯ ಹೊತ್ತಿಗೆ ನಾವಿಬ್ಬರೂ ಆಸ್ಪತ್ರೆಯಲ್ಲಿದ್ದೆವು. "ಫೋಟೋಗೆ ಅಂತ ಹಚ್ಕೊಂಡೆ. ಒಂದ್ ಫೋಟೋದಲ್ಲೂ ಇಲ್ದಂಗಾಯ್ತಲ್ಲೋ" ಅಂದ ಅಪ್ಪ.

ಚರ್ಮದ ಡಾಕ್ಟರು ಪ್ಯಾಕೆಟ್ ತರಿಸಿ, ಹಿಂದಿನ ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟರು: ಪ್ಯಾರಾ ಫಿನಿಲೀನ್ ಡೈಅಮೀನ್, ಅಂದರೆ ಪಿಪಿಡಿ. "ಹದಿನೈದು ವರ್ಷದಿಂದ ಹಚ್ತಿದಾರೆ ಸಾರ್, ಯಾವತ್ತೂ ಏನೂ ಆಗಿಲ್ಲ" ಅಂದೆ. ಈ ಅಲರ್ಜಿ ಹಾಗೇ ಅಂತೆ. ಎಷ್ಟೋ ಸಲ ಸುಮ್ಮನಿದ್ದ ಮೈ ಒಂದು ದಿನ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಮರೆಯುವುದಿಲ್ಲ. "ಇನ್ನು ಇದನ್ನ ಮುಟ್ಟಲೇಬೇಡಿ. ಮುಂದಿನ ಸಲ ಇನ್ನೂ ಜೋರಾಗಬಹುದು."

ಆಮೇಲೆ ಕೂತು ಓದಿದೆ. ತಲೆಬಣ್ಣದಲ್ಲಿ ಸ್ಥೂಲವಾಗಿ ಮೂರು ಜಾತಿ. ಒಂದು ಕೂದಲ ಮೇಲೆ ಸುಮ್ಮನೆ ಕೂತು, ಒಂದು ಸ್ನಾನಕ್ಕೆ ಹೋಗುವಂಥದ್ದು. ಇನ್ನೊಂದು ಸ್ವಲ್ಪ ಒಳಗಿಳಿದು ಕೆಲವು ಸ್ನಾನ ತಾಳುವಂಥದ್ದು. ಪೂರ್ತಿ ನರೆತ ತಲೆಯನ್ನು ಮುಚ್ಚುವ ಶಕ್ತಿ ಇದಕ್ಕಿಲ್ಲ. ಮೂರನೆಯದು ಪರ್ಮನೆಂಟ್. ಅಮೋನಿಯಾ ಅಥವಾ ಅಂಥದ್ದೇ ಕ್ಷಾರ ಕೂದಲಿನ ಹೊರಪದರ ಸಡಿಲಿಸುತ್ತದೆ. ಪಿಪಿಡಿಯ ಸಣ್ಣ ಅಣುಗಳು ಒಳಗೆ ನುಗ್ಗಿ, ಪೆರಾಕ್ಸೈಡ್ ಜೊತೆ ಸೇರಿ ದೊಡ್ಡ ಬಣ್ಣದ ಅಣುಗಳಾಗುತ್ತವೆ. ಕರುವಾಗಿ ಕೊಟ್ಟಿಗೆಗೆ ನುಗ್ಗಿದ್ದು ಒಳಗೇ ಹೋರಿಯಾಗಿ ಬೆಳೆದರೆ ಕಿರಿಬಾಗಿಲಲ್ಲಿ ಹೊರಗೆ ಬಂದೀತೆ? ಅದಕ್ಕೇ ತೊಳೆದರೂ ಹೋಗುವುದಿಲ್ಲ.

'ಅಮೋನಿಯಾ ಇಲ್ಲ' ಅಂದರೆ ಪಿಪಿಡಿ ಇಲ್ಲ ಅಂತಲ್ಲ. ಎಲೆಯ ಚಿತ್ರವೂ ಸಾಕ್ಷಿಯಲ್ಲ. ಗೋರಂಟಿಯಲ್ಲಿರುವ ಬಣ್ಣ ಕೂದಲನ್ನು ಕೆಂಪು ಮಾಡೀತೇ ಹೊರತು ಕಪ್ಪು ಮಾಡದು. ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ 'ಹೆನ್ನಾ' ಅಂದರೆ ಅದರಲ್ಲಿ ಇನ್ನೇನೋ ಸೇರಿದೆ ಎಂದೇ ಅರ್ಥ. ಅಪ್ಪನ ಹಳೇ ಪುಡಿಯ ಖಾಲಿ ಪ್ಯಾಕೆಟ್ ಹುಡುಕಿ ನೋಡಿದೆ, ಅದರಲ್ಲೂ ಪಿಪಿಡಿ. ದುಡ್ಡು ಜಾಸ್ತಿ ಕೊಟ್ಟು ಅದನ್ನೇ ತಂದಿದ್ದೆ.

ಪಿಪಿಡಿ ಇರುವ ಡೈ ಮೇಲೆ, ಮೊದಲು ಚೂರು ಹಚ್ಚಿ ಪರೀಕ್ಷಿಸಿ ಎಂಬ ಎಚ್ಚರಿಕೆ ಇರಲೇಬೇಕು ಅಂತ ನಮ್ಮ ದೇಶದಲ್ಲಿ ನಿಯಮವೇ ಇದೆ. ಕಿವಿಯ ಹಿಂದೆ ಅಥವಾ ಮೊಳಕೈ ಒಳಬದಿಗೆ ಚೂರು ಹಚ್ಚಿ, 48 ಗಂಟೆ ಕಾದು ನೋಡುವುದು ಒಳ್ಳೆಯದು. ಪ್ರತಿ ಸಲವೂ. ಒಮ್ಮೆ ಅಲರ್ಜಿ ಆದವರಿಗೆ ಈ ಪರೀಕ್ಷೆಯೂ ಬೇಡ, ಆ ಡೈಯೇ ಬೇಡ. ಆಫೀಸಿನಲ್ಲಿ ಟೆಸ್ಟ್ ಮಾಡದೆ ಒಂದು ಸಾಲು ಕೋಡನ್ನೂ ಹೊರಗೆ ಬಿಡದ ನಾನು, ಪ್ಯಾಕೆಟ್ಟಿನೊಳಗಿದ್ದ ಚೀಟಿಯನ್ನು ಬಿಡಿಸಿಯೂ ನೋಡದೆ ಎಸೆದಿದ್ದೆ.

ಗಾಯ ಪೂರ್ತಿ ಮಾಗಿದ ಮೇಲೆ ಅಮ್ಮ ಹಿತ್ತಲ ಗೋರಂಟಿ ರುಬ್ಬಿ ಹಚ್ಚಿದಳು. ಬೆಳ್ಳಗಿನ ತಲೆ ಕಿತ್ತಳೆಯಾಯ್ತು. ಕನ್ನಡಿ ನೋಡಿ ಅಪ್ಪ "ಥೂ, ಹುಂಜ ಆದೆನಲ್ಲೋ" ಅಂದ. ಇದರ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿದರೆ ಕಪ್ಪಾಗುತ್ತಂತೆ, ಅದನ್ನೂ ಮೊದಲು ಚೂರು ಹಚ್ಚಿ ನೋಡೋಣ, ತರ್ತೀನಿ ಅಂದೆ.

"ಸಾಕ್ ಬಿಡು ಮಗ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಈಗ ಯಾರಾದ್ರೂ ತಾತನಾ ಅಂತ ಕೇಳಿದ್ರೆ ಏನಂತೀಯ?"

ಹದಿನೈದು ವರ್ಷ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ಮಾತು ಹೊರಡಲಿಲ್ಲ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕೆಲವೇ ತಿಂಗಳಲ್ಲಿ ಕೆಂಪೆಲ್ಲ ಊರ ಕಟಿಂಗ್ ಶಾಪಿನಲ್ಲಿ ಉದುರಿತು. ಯುಗಾದಿಗೆ ಹೋದವನು ಅಪ್ಪನನ್ನು ಬೆಂಗಳೂರಿಗೆ ಕರ್ಕೊಂಡು ಬಂದೆ. ಬಿಳಿ ತಲೆ, ಬಿಳಿ ಪಂಚೆ. ಗೇಟಲ್ಲಿ ಸೆಕ್ಯೂರಿಟಿಯವನು ರಿಜಿಸ್ಟರ್ ತೆರೆಯುವ ಮೊದಲೇ ಹೇಳಿಬಿಟ್ಟೆ, "ನಮ್ಮಪ್ಪ."